ಉಡಕ್ಕೂ ಕೊಕ್ಕರೆಗೂ ಏನು ನಂಟು?

ಪ್ರಶ್ನೆ: ನಮ್ಮದು ಶಿರಾ ಹತ್ತಿರದ ಹಳ್ಳಿ. ಕೆರೆ ಏರಿ ಮೇಲೆ ಉಡ ಬಿಸಿಲು ಕಾಯಿಸುತ್ತಿತ್ತು. ಕೆಳಗೆ ನೀರಿನಲ್ಲಿ ಬಣ್ಣದ ಕೊಕ್ಕರೆ ಮೀನು ಹಿಡಿಯುತ್ತಿತ್ತು. ಎರಡಕ್ಕೂ ಉದ್ದ ಕುತ್ತಿಗೆ, ಎರಡೂ ಅಗಿಯದೆ ನುಂಗುತ್ತವೆ. ಇವು ಸಂಬಂಧಿಗಳಾ ಸಾರ್? ಕೊಕ್ಕರೆ ಮೊಟ್ಟೆ ತಿನ್ನುತ್ತೆ ಅಂತ ಊರಲ್ಲಿ ಉಡ ಕಂಡರೆ ಹೊಡೆಯುತ್ತಾರೆ. ಸರಿಯೇ?

ಉತ್ತರ: ನಂಟು ಇದೆ, ಆದರೆ ಬಹಳ ದೂರದ್ದು. ಎರಡರ ವಂಶವೂ 25 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾಗಿವೆ. ಕೊಕ್ಕರೆಗೆ ಉಡಕ್ಕಿಂತ ಮೊಸಳೆಯೇ ಹತ್ತಿರದ ಬಂಧು.

ಬೇಟೆಯ ರೀತಿ ನೋಡಿದರೆ ಎಷ್ಟು ಬೇರೆ ಅನ್ನೋದು ಗೊತ್ತಾಗುತ್ತದೆ. ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಮುಳುಗಿಸಿ, ಆ ಕಡೆ ಈ ಕಡೆ ಆಡಿಸುತ್ತದೆ. ಕಾಲಿನಿಂದ ನೀರು ಕಲಕುತ್ತದೆ. ಮೀನು ತಾಗಿದ ತಕ್ಷಣ ಕೊಕ್ಕು ಪಟ್ಟನೆ ಮುಚ್ಚುತ್ತದೆ. ಕಣ್ಣಿಗೆ ಕೆಲಸ ಕಡಿಮೆ, ಹಾಗಾಗಿ ನಮ್ಮ ಕೆರೆಗಳ ರಾಡಿ ನೀರೂ ಅದಕ್ಕೆ ನಡೆಯುತ್ತದೆ. ಉಡ ಸೀಳು ನಾಲಿಗೆಯನ್ನು ಹೊರಗೆ ಚಾಚಿ ಚಾಚಿ ಎಳೆದುಕೊಳ್ಳುತ್ತದೆ, ಅಲ್ವಾ? ಅದು ವಾಸನೆ ಹಿಡಿಯುವ ಕೆಲಸ. ನಾಲಿಗೆಗೆ ಅಂಟಿದ ವಾಸನೆಯನ್ನು ಬಾಯಿಯ ಅಂಗುಳಿನಲ್ಲಿರುವ ಒಂದು ಅಂಗ ಗುರುತಿಸುತ್ತದೆ.

ಹೊಟ್ಟೆಯ ಲೆಕ್ಕವೂ ಬೇರೆ. ಕೊಕ್ಕರೆಯದು ಬಿಸಿ ರಕ್ತ, ಮೈ ಬಿಸಿ ಉಳಿಸಿಕೊಳ್ಳಲು ಜಾಸ್ತಿ ತಿನ್ನಬೇಕು. ಉಡಕ್ಕೆ ಬಿಸಿಲೇ ಒಲೆ. ಒಂದೊಳ್ಳೆ ಊಟ ಸಿಕ್ಕರೆ ದಿನಗಟ್ಟಲೆ ಸುಮ್ನೆ ಇರಬಲ್ಲದು.

ಒಂದು ಹೋಲಿಕೆ ಮಾತ್ರ ನನಗೆ ಇಂದಿಗೂ ಬೆರಗು. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒನ್‌ವೇ ರಸ್ತೆಯಲ್ಲಿ ಹೋದ ಹಾಗೆ ಒಂದೇ ದಿಕ್ಕಿಗೆ ಸಾಗುತ್ತದೆ. ನಮ್ಮದರಲ್ಲಿ ಹಾಗಿಲ್ಲ, ಬಂದ ದಾರಿಯಲ್ಲೇ ವಾಪಸ್. 2013ರಲ್ಲಿ ಆಫ್ರಿಕಾದ ಒಂದು ಜಾತಿಯ ಉಡದಲ್ಲೂ ಒಂದೇ ದಿಕ್ಕಿನ ಗಾಳಿ ಕಂಡುಬಂತು.

ಇನ್ನು ಮೊಟ್ಟೆಯ ವಿಷಯ. ನಿಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಉಡ ಮರ ಹತ್ತುವುದರಲ್ಲಿ ಗಟ್ಟಿಗ, ಮೊಟ್ಟೆ, ಮರಿ ಸಿಕ್ಕರೆ ತಿನ್ನುತ್ತದೆ, ನಿಜ. ಆದರೆ ಅದರ ಊಟದಲ್ಲಿ ಜೀರುಂಡೆ, ಏಡಿ, ಕಪ್ಪೆ, ಸತ್ತ ಪ್ರಾಣಿ ಎಲ್ಲವೂ ಇವೆ. ಎಷ್ಟೋ ಕಾಲದಿಂದ ಎರಡೂ ಜೊತೆಗೇ ಬದುಕಿವೆ. ಕೊಕ್ಕರೆ ಹೆಸರು ಹೇಳಿ ಉಡ ಹೊಡೆಯುವುದು ತಪ್ಪು. ಮಾಂಸ, ಎಣ್ಣೆಗೆ ಅಂತ ಈಗಾಗಲೇ ಬೇಕಾದಷ್ಟು ಉಡಗಳು ಸತ್ತಿವೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಅದರ ಹೆಸರಿದೆ, ಹೊಡೆದವರಿಗೆ ಜೈಲು ಆಗಬಹುದು. ಹೊಡೆಯಲು ಹೊರಟವರಿಗೆ ದಯವಿಟ್ಟು ಇದನ್ನು ತಿಳಿಸಿ.