ಆಸ್ಟ್ರೇಲಿಯಾದ ಹಳೆಯ 'ಹೋಲಿ ಡಾಲರ್' (holey, ಅಂದರೆ ತೂತಿನ ಡಾಲರ್) ಬೆಳ್ಳಿ ನಾಣ್ಯಕ್ಕೆ ನಡುವೆ ತೂತು ಏಕೆ? ಸಂಗ್ರಾಹಕರು ಅದಕ್ಕೆ ಅಷ್ಟು ಬೆಲೆ ಕೊಡುವುದೇಕೆ?

ನಾಣ್ಯ ವಸಾಹತು ಬಿಟ್ಟು ಹೋಗದಿರಲಿ ಎಂದೇ ತೂತು ಕೊರೆದರು. ಉಳಿದಿರುವುದು ಸುಮಾರು 300 ಮಾತ್ರ, ಹಾಗಾಗಿ ಬೆಲೆ.

ಆಗ ಬ್ರಿಟಿಷ್ ವಸಾಹತಾಗಿದ್ದ ನ್ಯೂ ಸೌತ್ ವೇಲ್ಸ್‌ನಲ್ಲಿ ಚಿಲ್ಲರೆಗೆ ಬರ. ಬಂದ ಬೆಳ್ಳಿಯೆಲ್ಲ ಸರಕು ತರುವ ಹಡಗುಗಳ ಜೊತೆಗೇ ಹೊರಟುಹೋಗುತ್ತಿತ್ತು. 1812ರಲ್ಲಿ 40,000 ಸ್ಪ್ಯಾನಿಷ್ ಡಾಲರ್ ಬಂದಾಗ ಗವರ್ನರ್ ಮ್ಯಾಕ್ವಾರಿ ಪ್ರತಿಯೊಂದರ ನಡುಭಾಗವನ್ನು ಕತ್ತರಿಸಿ ತೆಗೆಸಿದರು. ಉಂಗುರಕ್ಕೆ 5 ಶಿಲ್ಲಿಂಗ್, 'ಡಂಪ್' ಎಂಬ ನಡುವಿನ ಬಿಲ್ಲೆಗೆ 15 ಪೆನ್ಸ್. ಈ ಬೆಲೆ ಅಲ್ಲಿ ಮಾತ್ರ ನಡೆಯುತ್ತಿತ್ತು; ಹೊರಗೆ ಒಯ್ದವನಿಗೆ ನಷ್ಟ. ಕೆಲಸ ವಹಿಸಿದ್ದು ಖೋಟಾ ನಾಣ್ಯದ ಅಪರಾಧಕ್ಕೆ ಗಡೀಪಾರಾಗಿದ್ದ ವಿಲಿಯಂ ಹೆನ್ಶಲ್‌ಗೆ. ಅನುಭವಸ್ಥನೇ ಬಿಡಿ!

1820ರ ದಶಕದಲ್ಲಿ ಸರ್ಕಾರ ಇವನ್ನು ಹಿಂಪಡೆದು ಬಹುಪಾಲು ಕರಗಿಸಿತು.

ಕೊಳ್ಳುವ ಆಸೆಯಿದ್ದರೆ ಉಂಗುರಕ್ಕಿಂತ ಡಂಪ್ ಹೆಚ್ಚು ಸಿಗುತ್ತದೆ. ಉಂಗುರದಲ್ಲಾದರೆ ಒಳ ಅಂಚಿನ ಸುತ್ತ 'ನ್ಯೂ ಸೌತ್ ವೇಲ್ಸ್' ಮತ್ತು 1813 ಎಂಬ ಮುದ್ರೆ ಇರಬೇಕು, ಹೊರಗೆ ಸ್ಪೇನ್ ದೊರೆಯ ಹೆಸರಿನ ಅಕ್ಷರಗಳು ಉಳಿದಿರಬೇಕು. ಮೂಲ ನಾಣ್ಯ ಮೆಕ್ಸಿಕೋ, ಲಿಮಾ, ಪೊಟೊಸಿ ಮುಂತಾದ ಯಾವ ಟಂಕಸಾಲೆಯದು ಎಂಬುದರ ಮೇಲೂ ಬೆಲೆ ಬದಲಾಗುತ್ತದೆ. ನಕಲಿಗಳು ಬೇಕಾದಷ್ಟಿವೆ, ತಜ್ಞರ ಪ್ರಮಾಣಪತ್ರವಿಲ್ಲದ್ದನ್ನು ನಾನಂತೂ ಮುಟ್ಟುವುದಿಲ್ಲ.