ಪದ್ಮಿನಿ ಕಾರಿನ ಪ್ಲಗ್ ಪದೇ ಪದೇ ಕಪ್ಪಾಗುತ್ತಿದ್ದರೆ ಮೊದಲು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿ ನೋಡಿ

ಹಳೆ ಪದ್ಮಿನಿ, ನಿಂತಲ್ಲಿ ಇಂಜಿನ್ ಗಡಗಡ ನಡುಗುತ್ತದೆ, ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಹೊಸದು ಹಾಕಿದರೂ ಸ್ವಲ್ಪ ದಿನಕ್ಕೇ ನಾಲ್ಕೂ ಕಪ್ಪು, ಇರಿಡಿಯಂ ಪ್ಲಗ್ ಹಾಕಲಾ, ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ದುಡ್ಡು ಹಾಗೇ ಇರಲಿ, ಮುಂದೆ ಬೇಕಾದೀತು.

ನನ್ನದೂ ಪದ್ಮಿನಿಯೇ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಬದಿಯಡ್ಕ ಕಡೆಯ ಶಾಲೆಗೆ ಹೋಗಿಬರುವುದು ಅದರಲ್ಲೇ. ಒಂದು ಮಳೆಗಾಲದಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ ಕಾರ್ಬ್ಯುರೇಟರನ್ನು ನಾನೇ ಬಿಚ್ಚಿ ತೊಳೆದು ಹೊಸ ರಿಪೇರಿ ಕಿಟ್ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು, ಚೆನ್ನಾಗಿಯೇ ಓಡಿತು. ನನಗೆ ಭಾರೀ ಜಂಬ. ಆಮೇಲೆ ಶುರುವಾಯಿತು ನೋಡಿ ಮಿಸ್ಸಿಂಗ್, ಇಂಜಿನ್ ನಡುನಡುವೆ ಮುಗ್ಗರಿಸುವುದು. ಪ್ಲಗ್ ತೆಗೆದರೆ ನಾಲ್ಕಕ್ಕೂ ಒಣ ಮಸಿ.

ಮೊದಲು ಪೆಟ್ರೋಲಿಗೆ ಬೈದೆ. ಎಥೆನಾಲ್ ಬೆರೆಸಿ ಹಾಳು ಮಾಡಿದ್ದಾರೆ ಅಂತ. ಅದು ಸುಮ್ನೆ ಬೈಗುಳ. ಎಥೆನಾಲಿನಲ್ಲಿ ಆಮ್ಲಜನಕ ಇರುತ್ತದೆ, ಅದು ಮಿಕ್ಸ್ಚರನ್ನು, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು, ತೆಳು ಮಾಡುತ್ತದೆಯೇ ಹೊರತು ದಪ್ಪ ಮಾಡುವುದಿಲ್ಲ. ಒಣ ಮಸಿ ಬರುವುದು ಪೆಟ್ರೋಲ್ ಜಾಸ್ತಿಯಾಗಿ ಮಿಕ್ಸ್ಚರ್ ದಪ್ಪ ಆದಾಗ. ಹಳೆ ಹೋಸ್, ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಮ್‌ನಂಥ ರಬ್ಬರ್ ಸಾಮಾನು ಅದರಿಂದ ಕೆಡುತ್ತದೆ, ಅದು ಬೇರೆ ಮಾತು. ಆಮೇಲೆ ಕಿಡಿಗೆ ಕರೆಂಟ್ ಕೊಡುವ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಪ್ಲಗ್ ವಯರ್ ಎಲ್ಲಾ ಬದಲಾಯಿಸಿದೆ. ಪ್ರತಿ ಸಲ ಹೊಸ ಪ್ಲಗ್ ಹಾಕಿದಾಗ ಗಾಡಿ ಸರಿಯಾಗಿ ಓಡುತ್ತಿತ್ತು, ಹಾಗಾಗಿ ದೋಷ ಕರೆಂಟಿನದ್ದೇ ಅಂತ ಗಟ್ಟಿ ಆಯಿತು. ತಲಪಾಡಿ ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಉಳಿಸಿದ್ದೆಲ್ಲ ಅಂಗಡಿಯವನಿಗೆ ಹೋಯಿತು.

ಇಷ್ಟೂ ದಿನ ಡಿಪ್‌ಸ್ಟಿಕ್ ನೋಡುತ್ತಿದ್ದೆ. ಆಯಿಲ್ ಇಳಿಯುತ್ತಲೇ ಇರಲಿಲ್ಲ. ಇಳಿಯುವುದಿರಲಿ, ಮೇಲಿನ ಗೆರೆ ದಾಟಿ ಚೂರು ಹತ್ತಿತ್ತು. ಕಳೆದ ಸಲ ನಾನೇ ಜಾಸ್ತಿ ಹೊಯ್ದಿರಬೇಕು ಅಂದುಕೊಂಡೆ. ಹಳೆ ಇಂಜಿನ್, ಆಯಿಲ್ ಕುಡಿಯುವುದಿಲ್ಲ ಅಂತ ಶಾಲೆಯಲ್ಲಿ ಹೇಳಿಕೊಂಡೂ ತಿರುಗಿದೆ! ಕೊನೆಗೆ ಕುಂಬಳೆಯ ಒಬ್ಬ ಹಳೆ ಮೇಸ್ತ್ರಿಯ ಹತ್ತಿರ ಹೋದಾಗ ಅವರು ಪ್ಲಗ್ ಮುಟ್ಟಲೇ ಇಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿದರು. "ಮಾಷ್ಟ್ರೇ, ಆಯಿಲ್ ಕುಡಿಯುವ ಗಾಡಿ ಎಷ್ಟೋ ನೋಡಿದ್ದೇನೆ, ಆಯಿಲ್ ಹೆರುವ ಗಾಡಿ ನಿಮ್ಮದೇ" ಅಂದರು. ಪೆಟ್ರೋಲ್ ವಾಸನೆ ಗಮ್ಮಂತ ಹೊಡೆಯಿತು.

ಆದದ್ದು ಇಷ್ಟು. ಸೋಲೆಕ್ಸ್‌ನ ಮುಚ್ಚಳದ ಅಡಿಗೆ, ಪೆಟ್ರೋಲ್ ಒಳಗೆ ಬಿಡುವ ಮತ್ತು ನಿಲ್ಲಿಸುವ ನೀಡಲ್ ವಾಲ್ವ್ ತಿರುಗಿಸಿ ಕೂರಿಸುತ್ತಾರಲ್ಲ, ಅದರ ನಡುವೆ ಒಂದು ವಾಷರ್ ಇದೆ. ಅದು ಬರೀ ಲೀಕ್ ತಡೆಯುವುದಕ್ಕೆ ಅಂತ ನಾನು ತಿಳಿದಿದ್ದೆ. ಅಲ್ಲ, ಬೌಲಿನಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕು ಅಂತ ಹೇಳುವುದೂ ಅದರ ದಪ್ಪವೇ. ದಪ್ಪ ವಾಷರ್ ಹಾಕಿದರೆ ವಾಲ್ವ್ ಕೆಳಗೆ ಇಳಿದು ಕೂರುತ್ತದೆ, ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಅದನ್ನು ಬೇಗ ಮುಚ್ಚುತ್ತದೆ, ಪೆಟ್ರೋಲ್ ಕೆಳಗೇ ನಿಲ್ಲುತ್ತದೆ. ತೆಳು ವಾಷರಿಗೆ ಇದರ ಉಲ್ಟಾ. ಕಿಟ್ಟಿನಲ್ಲಿ ಬಂದದ್ದು ತೆಳು ವಾಷರ್. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆಯದೆ ತೋಟಕ್ಕೆ ಎಸೆದಿದ್ದೆ. ಪೆಟ್ರೋಲ್ ಮಟ್ಟ ಏರಿ, ನಿಂತಲ್ಲೂ ನಳಿಗೆಯಿಂದ ತೊಟ್ಟಿಕ್ಕುತ್ತಾ, ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದುಕೊಂಡು ಕೆಳಗಿನ ಆಯಿಲಿಗೆ ಸೇರಿತು. ಆ ನೀರಾದ ಆಯಿಲಿನಲ್ಲೇ ನಾನು ಘಟ್ಟದ ರಸ್ತೆ ಹತ್ತಿಸಿದ್ದೆ. ಪಿಸ್ಟನ್ನಿನ ರಿಂಗ್ ಹೋಯಿತು, ಸಿಲಿಂಡರಿನ ಬೋರ್ ಸವೆಯಿತು. ಕೆಲವೇ ರೂಪಾಯಿಯ ವಾಷರಿಗೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು.

ಅದಕ್ಕೇ ಹೇಳುವುದು, ನಿಮ್ಮ ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಇದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಆಯಿಲ್ ಬದಲಾಯಿಸದೆ ಓಡಿಸಬೇಡಿ. ಕಾರ್ಬ್ಯುರೇಟರ್ ಅಲ್ಲದಿದ್ದರೆ ಪಂಪಿನ ಡಯಾಫ್ರಮ್ ಹರಿದೂ ಹೀಗೆ ಆಗುತ್ತದೆ. ಏರ್ ಫಿಲ್ಟರ್ ತೆಗೆದು, ಇಂಜಿನ್ ಆಫ್ ಮಾಡಿ, ಕಾರ್ಬ್ಯುರೇಟರಿನ ಬಾಯಿಗೆ ಟಾರ್ಚ್ ಬಿಡಿ. ನಳಿಗೆಯಿಂದ ಹನಿ ಬೀಳುತ್ತಲೇ ಇದ್ದರೆ ಫ್ಲೋಟ್, ನೀಡಲ್, ವಾಷರ್ ನೋಡಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕಿದರೆ ಅದು ತೂತು. ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಪೂರ್ತಿ ಹಿಂದೆ ಹೋಗುತ್ತದಾ ಅಂತಲೂ ನೋಡಿ, ನಮ್ಮ ಕಡೆಯ ಮಳೆಗೆ ಅದರ ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಲ್ಲುತ್ತದೆ.

ಇನ್ನೊಂದು, ಅಂಗಳದಲ್ಲಿ ನಿಂತಲ್ಲೇ ಓಡಿಸಿ ಪ್ಲಗ್ ತೆಗೆದು ಕಪ್ಪು ಅಂತ ಹೆದರಿದ್ದೀರಾದರೆ ಅದಕ್ಕೆ ಅರ್ಥವಿಲ್ಲ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಾತ್ರ ಮಸಿ ತಾನೇ ಸುಡುತ್ತದೆ. ಹೆದ್ದಾರಿಯಲ್ಲಿ ಒಳ್ಳೆ ಸ್ಪೀಡಿನಲ್ಲಿ ಓಡಿಸಿ, ಖಾಲಿ ಜಾಗ ನೋಡಿ ಕ್ಲಚ್ ಒತ್ತಿ ಇಂಜಿನ್ ಆಫ್ ಮಾಡಿ ಬದಿಗೆ ತನ್ನಿ, ಆಮೇಲೆ ಪ್ಲಗ್ ಬಿಚ್ಚಿ. ಕಂದು ಬಣ್ಣ ಇದ್ದರೆ ನಿಮ್ಮ ಮಿಕ್ಸ್ಚರ್ ಸರಿ ಇದೆ, ದೋಷ ನಿಂತಲ್ಲಿ ಓಡುವಾಗಿನ ಐಡ್ಲಿಂಗ್ ಸೆಟ್ಟಿಂಗಿನಲ್ಲಿ ಮಾತ್ರ. ತುದಿ ಹೆಚ್ಚು ಬಿಸಿಯಾಗಿರುವ ಜಾತಿಯ 'ಬಿಸಿ ಪ್ಲಗ್' ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಮಸಿ ಕಾಣದಂತೆ ಮಾಡುತ್ತದೆ, ಪೆಟ್ರೋಲ್ ಆಯಿಲಿಗೆ ಹೋಗುವುದು ನಿಲ್ಲುವುದಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಕಥೆಯೂ ಅಷ್ಟೇ.

ನಾಲ್ಕರಲ್ಲಿ ಒಂದೇ ಪ್ಲಗ್ ಕಪ್ಪು, ಅದೂ ಎಣ್ಣೆ ಎಣ್ಣೆ ಇದ್ದರೆ ನಾನು ಹೇಳಿದ್ದು ನಿಮಗೆ ಹೊಂದುವುದಿಲ್ಲ. ಆಗ ಕಾರ್ಬ್ಯುರೇಟರ್ ಮುಟ್ಟಬೇಡಿ, ಸಿಲಿಂಡರಿನ ಒತ್ತಡ, ಅಂದರೆ ಕಂಪ್ರೆಷನ್ ನೋಡಿಸಿ.