ಕೊಲಂಬಸ್ಸಿನ ಶಾಲೆಗೆ ಸೇವೆಗೆಂದು ಹೋಗುವ ಮುನ್ನ

ನಿಮ್ಮ ಪ್ರಶ್ನೆಯನ್ನು ಓದಿದೆ. ಎಂ.ಎಸ್. ಓದಲೆಂದು ಈ ಆಗಸ್ಟಿನಲ್ಲಿ ಓಹಾಯೋದ ಕೊಲಂಬಸ್ಸಿಗೆ ಬಂದಿದ್ದೀರಿ, ವಾರದಲ್ಲಿ ಒಂದು ಮಧ್ಯಾಹ್ನ ಬಿಡುವಿದೆ, ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಓದಿಸುವ ಅಥವಾ ಬಡಾವಣೆಯ ಸೇವಾಸಂಸ್ಥೆಯೊಂದರಲ್ಲಿ ದುಡಿಯುವ ಆಸೆಯಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಹೀಗೆ ಮಾಡಬಹುದೇ, ಪ್ರಮಾಣಪತ್ರ ಕೊಡುತ್ತಾರೆಯೇ, ಕಾರಿಲ್ಲದೆ ಓಡಾಡುವುದು ಹೇಗೆ, ಮುಂದೆ ಕೆಲಸ ಹುಡುಕುವಾಗ ಇದರಿಂದ ಪ್ರಯೋಜನವಾಗುತ್ತದೆಯೇ ಎಂದು ಕೇಳಿದ್ದೀರಿ. ಪದವಿಯಲ್ಲಿದ್ದಾಗ ಎನ್ನೆಸ್ಸೆಸ್ ಶಿಬಿರಗಳಲ್ಲಿ ದುಡಿದಿರುವುದರಿಂದ ಮಕ್ಕಳೊಡನೆ ಬೆರೆಯುವುದು ಕಷ್ಟವಾಗದು ಎಂದೂ ಸೇರಿಸಿದ್ದೀರಿ. ಮೇಡಂ ಎಂದು ಕರೆದಿದ್ದೀರಿ. ಅಕ್ಕ ಎಂದರೆ ಸಾಕು.

2004ರಲ್ಲಿ ನಾನು ಇದೇ ಊರಿಗೆ ಓದಲು ಬಂದಾಗ ನನಗೂ ಇದ್ದದ್ದು ಎನ್ನೆಸ್ಸೆಸ್ಸಿನ ಧೈರ್ಯವೇ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ, ಬೆಳಿಗ್ಗೆ ಶ್ರಮದಾನ, ಸಂಜೆ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ: ಇವನ್ನೆಲ್ಲ ನಿಮಗೆ ವಿವರಿಸಬೇಕಾಗಿಲ್ಲ. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ಹೊತ್ತಿಗೆ ಶುರುವಾದ ಆ ಯೋಜನೆ ಲಕ್ಷಾಂತರ ಹುಡುಗ ಹುಡುಗಿಯರ ಕೈಗೆ ಗುದ್ದಲಿ ಕೊಟ್ಟಿತೆಂಬ ಹೆಮ್ಮೆ ನನಗೆ ಇವತ್ತಿಗೂ ಇದೆ. ಆದರೆ ಅಲ್ಲಿ ಹೆಡ್‌ಮಾಸ್ತರರಿಗೆ ಒಂದು ಮಾತು ಹೇಳಿ ಸೀದಾ ತರಗತಿಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಸುತ್ತಿದ್ದೆವಲ್ಲ, ಆ ಸಲಿಗೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಶಾಲೆಯ ಬಾಗಿಲಿಗೆ ಸದಾ ಬೀಗ. ಗುಂಡಿ ಒತ್ತಿ, ಕ್ಯಾಮೆರಾಕ್ಕೆ ಮುಖ ತೋರಿಸಿ, ಬಂದ ಕಾರಣವನ್ನು ಹೇಳಿದ ಮೇಲೆಯೇ ಒಳಗಿನವರು ಬಾಗಿಲು ತೆರೆಯುತ್ತಾರೆ. ಕಚೇರಿಯಲ್ಲಿ ಗುರುತಿನ ಚೀಟಿ ಪರೀಕ್ಷಿಸಿ, ಹೆಸರು ಬರೆದ ಸ್ಟಿಕ್ಕರನ್ನು ಎದೆಗೆ ಅಂಟಿಸಿ ಕಳಿಸುತ್ತಾರೆ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ, 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಗುಂಡಿನ ದಾಳಿಗಳ ನಂತರ ಬಿಗಿಯಾಗುತ್ತ ಬಂದ ವ್ಯವಸ್ಥೆ ಇದು. ನಮ್ಮ ಬಣ್ಣ ಕಂಡು ಅನುಮಾನಿಸಿದರೆಂದು ಮೊದಲ ದಿನವೇ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದೇ ಶಾಲೆಯ ಮಗುವಿನ ಅಜ್ಜಿಯೂ ಹೀಗೆಯೇ ಒಳಗೆ ಬರಬೇಕು.

ವೀಸಾದ ವಿಷಯವನ್ನು ತುಸು ನಿಧಾನವಾಗಿ ಓದಿಕೊಳ್ಳಿ. ಸಂಬಳವಿಲ್ಲದ ಕೆಲಸವೆಲ್ಲ ಸೇವೆ ಎಂಬುದು ನಮ್ಮವರಲ್ಲಿ ಬಹಳ ಜನರ ತಿಳಿವಳಿಕೆ. ಇಲ್ಲಿಯ ಕಾರ್ಮಿಕ ಕಾನೂನು, ಅಂದರೆ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್, ಹಾಗೆ ಎಣಿಸುವುದಿಲ್ಲ. ಸರ್ಕಾರಿ ಶಾಲೆ, ಧರ್ಮಾರ್ಥ ಸಂಸ್ಥೆ, ಧಾರ್ಮಿಕ ಸಂಸ್ಥೆಗಳಲ್ಲಿ ಪ್ರತಿಫಲದ ನಿರೀಕ್ಷೆಯಿಲ್ಲದೆ ಸ್ವಂತ ಇಚ್ಛೆಯಿಂದ ದುಡಿಯುವುದು ಸೇವೆ. ಲಾಭಕ್ಕಾಗಿ ನಡೆಯುವ ಕಂಪನಿಗೆ ಪುಕ್ಕಟೆ ದುಡಿಯುವುದು ಸೇವೆಯಲ್ಲ, ಮತ್ತು ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಹುದ್ದೆಯಲ್ಲಿ ನೀವು ಸಂಬಳವಿಲ್ಲದೆ ಕುಳಿತರೆ ಅದು ಅನುಮತಿಯಿಲ್ಲದ ಉದ್ಯೋಗವೆನಿಸಿ ನಿಮ್ಮ ವೀಸಾಕ್ಕೆ ತೊಡಕಾಗಬಹುದು. ಮಗುವಿನ ಪಕ್ಕ ಕುಳಿತು ಓದಿಸುವುದರಲ್ಲಿ ಈ ಪೇಚಿಲ್ಲ. ‘ನೀನು ಕಂಪ್ಯೂಟರ್ ಓದುತ್ತಿದ್ದೀಯಲ್ಲ, ನಮ್ಮ ಸಂಸ್ಥೆಯ ಡೇಟಾಬೇಸನ್ನು ಈ ವರ್ಷ ನೋಡಿಕೋ’ ಎಂದು ಯಾರಾದರೂ ಕೇಳಿದರೆ ಮಾತ್ರ ಒಪ್ಪುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ವಿಚಾರಿಸಿ. ವರ್ಷದ ಕೊನೆಗೆ ಪ್ರೀತಿಯಿಂದ ಗಿಫ್ಟ್ ಕಾರ್ಡ್ ಕೊಡಲು ಬರುತ್ತಾರೆ. ಅದೂ ಪ್ರತಿಫಲವೆನಿಸಬಹುದಾದ್ದರಿಂದ ನಯವಾಗಿ ಬೇಡವೆನ್ನಿ. ಅಮೆರಿಕಾರ್ಪ್ಸ್ ಎಂಬ ಸೇವಾಯೋಜನೆಯ ಜಾಹೀರಾತನ್ನು ಕ್ಯಾಂಪಸ್ಸಿನಲ್ಲಿ ಕಂಡು ಅರ್ಜಿ ತುಂಬಬೇಡಿ, ಅದು ಇಲ್ಲಿಯ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮೀಸಲು.

ಉಳಿದ ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಕೇಳಿದರೆ ಇಷ್ಟು ಗಂಟೆ ದುಡಿದಿದ್ದಾರೆಂದು ಪತ್ರ ಬರೆದುಕೊಡುತ್ತಾರೆ, ಆದರೆ ಮೊದಲ ದಿನವೇ ಅದನ್ನು ಕೇಳಬೇಡಿ. ಕೆಲಸ ಹುಡುಕುವಾಗ ಇದರ ಪ್ರಯೋಜನ ಅಷ್ಟಕ್ಕಷ್ಟೆ. ಪದವಿಯ ನಂತರ ಓದಿದ ವಿಷಯದಲ್ಲಿ ದುಡಿಯಲು ಸಿಗುವ ಒಪಿಟಿ ಎಂಬ ಅನುಮತಿಯ ಅವಧಿಯಲ್ಲಿ ಕೆಲಸ ಸಿಗದೆ ದಿನ ಕಳೆಯುವಾಗ, ನೀವು ಓದಿದ ವಿಷಯಕ್ಕೆ ಸಂಬಂಧಿಸಿದ ಸೇವೆಯನ್ನು ವಾರಕ್ಕೆ 20 ಗಂಟೆಯಾದರೂ ಮಾಡಿದರೆ ಆ ದಿನಗಳು ಕೆಲಸವಿಲ್ಲದೆ ಇರಬಹುದಾದ 90 ದಿನಗಳ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ವಿಜ್ಞಾನ, ತಂತ್ರಜ್ಞಾನದಂಥ ವಿಷಯ ಓದಿದವರಿಗೆ ಒಪಿಟಿಯ ಮುಂದುವರಿಕೆಯಾಗಿ ಸಿಗುವ ಸ್ಟೆಮ್ ವಿಸ್ತರಣೆಯಲ್ಲಿ ಈ ಸವಲತ್ತಿಲ್ಲ. ಓಡಾಟಕ್ಕೆ ಈ ಊರಿನ ಸಾರಿಗೆ ಸಂಸ್ಥೆಯಾದ ಕೋಟಾದ (COTA) ಬಸ್ಸಿದೆ. ಹಿಮ ಬಿದ್ದ ಬೆಳಿಗ್ಗೆ ಶಾಲೆಗೆ ರಜೆಯೋ ಎರಡು ಗಂಟೆ ತಡವೋ ಎಂದು ನೋಡಿಕೊಂಡು ಮನೆ ಬಿಡಿ, ಇಲ್ಲದಿದ್ದರೆ ಜನವರಿಯ ಚಳಿಯಲ್ಲಿ ಬಸ್ ನಿಲ್ದಾಣದಲ್ಲಿ ನಿಂತದ್ದಷ್ಟೇ ಲಾಭ.

ಶಾಲೆಯಲ್ಲಿ ನಿಮಗೆ ಸಿಗುವ ಕೆಲಸ ಬಹುಮಟ್ಟಿಗೆ ಓದಿಸುವುದು. ಮೂರನೆಯ ತರಗತಿ ಮುಗಿಯುವುದರೊಳಗೆ ಮಗು ಓದಲು ಕಲಿತಿರಬೇಕೆಂದು 2012ರಲ್ಲಿ ಓಹಾಯೋ ಕಾನೂನು ಮಾಡಿದಾಗಿನಿಂದ ಸಣ್ಣ ತರಗತಿಗಳಿಗೆ ಓದಿಸುವವರ ಬೇಡಿಕೆ ಹೆಚ್ಚಿದೆ. ಶಿಕ್ಷಕಿ ಇಬ್ಬರಿಗೂ ಪುಟ್ಟ ಕುರ್ಚಿಗಳನ್ನು ಕೊಟ್ಟು ಬಾಗಿಲು ತೆರೆದಿರುವ ಕಡೆ, ಇಲ್ಲವೇ ಎಲ್ಲರಿಗೂ ಕಾಣುವ ಕಾರಿಡಾರಿನಲ್ಲಿ ಕೂರಿಸುತ್ತಾರೆ. ಮಗುವಿನೊಡನೆ ಒಂಟಿಯಾಗಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂದಿಗೂ ಕೂರಬೇಡಿ. ಪದದ ಮುಂದೆ ಮಗು ತಡವರಿಸಿದಾಗ ‘ಚಿತ್ರ ನೋಡಿ ಊಹಿಸು’ ಎನ್ನುವ ಹಳೆಯ ಪದ್ಧತಿಯನ್ನು 2023ರ ಕಾನೂನು ಬದಿಗೆ ಸರಿಸಿದೆ. ಅಕ್ಷರಗಳ ಸದ್ದನ್ನು ಒಂದೊಂದಾಗಿ ಕೂಡಿಸಿ ಓದಿಸಬೇಕು. ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ಸಹಜವಾಗಿ ಒಗ್ಗುತ್ತದೆ. ನಿಮ್ಮ ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ಈ ಊರಿನಲ್ಲಿ ಸೊಮಾಲಿ ಮತ್ತು ನೇಪಾಳಿ ಮಾತನಾಡುವ ನಿರಾಶ್ರಿತ ಕುಟುಂಬಗಳು ಬಹಳ ಇವೆ, ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎನ್ನುವ ಮಕ್ಕಳಿಗೆ ನಿಮ್ಮ ನಾಲಿಗೆ ವಿಚಿತ್ರವೆನಿಸುವುದಿಲ್ಲ.

ನಾಲಿಗೆಯನ್ನು ಬಿಗಿಹಿಡಿಯಬೇಕಾದದ್ದು ಬೇರೆ ಕಡೆ. ಯಾವ ಊರು, ಅಪ್ಪ ಏನು ಮಾಡುತ್ತಾರೆ, ಅಮ್ಮ ಯಾಕೆ ಬರಲಿಲ್ಲ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳುವುದು ನಮ್ಮಲ್ಲಿ ಅಕ್ಕರೆ. ಇಲ್ಲಿ ಆ ಪ್ರಶ್ನೆಗಳಿಂದ ಒಂದು ಮನೆಯೇ ಹೆದರಬಹುದು. ಕಾಗದಪತ್ರವಿಲ್ಲದ ಕುಟುಂಬದ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಓದುವ ಹಕ್ಕಿದೆಯೆಂದು ಪ್ಲೈಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಆ ತೀರ್ಪಿನ ಬಲದಿಂದ ತರಗತಿಗೆ ಬಂದು ಕೂತ ಮಗುವನ್ನು, ವೀಸಾದಲ್ಲಿ ಬಂದ ನೀವು, ನಿಮ್ಮದು ಯಾವ ವೀಸಾ ಎಂದು ವಿಚಾರಿಸುವುದು ಎಷ್ಟು ಸರಿ? ತಲೆ ಸವರುವುದು, ಗಲ್ಲ ಹಿಂಡುವುದು, ಜೇಬಿನಿಂದ ಸಿಹಿ ತೆಗೆದು ಕೊಡುವುದು, ಇವೂ ಬೇಡ. ಕಡಲೆಕಾಯಿಯ ಚೂರು ತಗುಲಿದರೂ ಉಸಿರು ಕಟ್ಟುವ ಮಕ್ಕಳಿರುತ್ತಾರೆ. ಫೋಟೋ ಅಂತೂ ಖಂಡಿತ ಕೂಡದು. ಬ್ಯಾನರಿನ ಹಿಂದೆ ಸಾಲಾಗಿ ನಿಂತು ತೆಗೆಸಿಕೊಳ್ಳುತ್ತಿದ್ದ ಶಿಬಿರದ ಚಿತ್ರ ನಿಮ್ಮ ಮನೆಯಲ್ಲೂ ಇರಬಹುದು. ಅಂಥದ್ದನ್ನು ಇಲ್ಲಿಂದ ಊರಿಗೆ ಕಳಿಸುವ ಯೋಚನೆಯನ್ನು ಬಿಟ್ಟುಬಿಡಿ.

ಮಕ್ಕಳೊಡನೆ ಬೆರೆಯುವುದು ಕಷ್ಟವಾಗದು ಎಂದಿರಲ್ಲ, ಅದಕ್ಕಾಗಿಯೇ ಒಂದು ಪ್ರಸಂಗವನ್ನು ಹೇಳಬೇಕು. ನಾನು ಬಂದ ಎರಡನೆಯ ಚಳಿಗಾಲದಲ್ಲಿ ಎರಡನೆಯ ತರಗತಿಯ ಹುಡುಗನೊಬ್ಬ ನನ್ನ ಪಾಲಿಗೆ ಬಂದಿದ್ದ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ, ಬೆರಳು ಮುಂದಕ್ಕೆ ಹೋದರೂ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬಹಳ ನಿದ್ದೆ ಬರುತ್ತಿದೆಯೇ ಎಂದೆ. ಕಾರಿನ ಹಿಂದಿನ ಸೀಟಿನಲ್ಲಿ ತಂಗಿಯೂ ಮಲಗುವುದರಿಂದ ಕಾಲು ಚಾಚಲು ಆಗುವುದಿಲ್ಲ ಎಂದ. ಟೀಚರಿಗೆ ಹೇಳಬೇಡಿ ಎಂದೂ ಸೇರಿಸಿದ. ಇಂಥ ಮಾತನ್ನು ಸ್ವಯಂಸೇವಕರು ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲವೆಂದು ತರಬೇತಿಯಲ್ಲಿ ಹೇಳಿದ್ದರು. ‘ಇದನ್ನು ಟೀಚರಿಗೆ ಹೇಳಲೇಬೇಕಾಗುತ್ತದೆ, ನಿನಗೆ ಸಹಾಯವಾಗಲಿ ಎಂದೇ ಹೇಳುತ್ತೇನೆ’ ಎಂದು ಅವನಿಗೆ ತಿಳಿಸಿದೆ. ಅವನು ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಎರಡೂ ಮೊಣಕೈಗಳನ್ನು ಊರಿ, ಗಂಟೆ ಹೊಡೆಯುವವರೆಗೆ ನನ್ನ ಕಡೆ ನೋಡಲಿಲ್ಲ. ನಾನು ಶಿಕ್ಷಕಿಗೆ ಹೇಳಿದೆ. ಸ್ವಲ್ಪ ದಿನಗಳಲ್ಲಿ ಅವನು ಬರುವುದು ನಿಂತಿತು. ಎಲ್ಲಿಗೆ ಹೋದನೆಂದು ಕೇಳಿದಾಗ ಶಿಕ್ಷಕಿ, ಅವನೀಗ ನಮ್ಮ ಶಾಲೆಯಲ್ಲಿಲ್ಲ ಎಂದಷ್ಟೇ ಹೇಳಿ ಬೇರೊಂದು ಮಗುವನ್ನು ನನ್ನ ಮುಂದೆ ಕೂರಿಸಿದರು. ಅವರದು ಒರಟುತನವಲ್ಲ, ವಿದ್ಯಾರ್ಥಿಯ ದಾಖಲೆಯ ವಿವರಗಳನ್ನು ಹೊರಗಿನವರಿಗೆ ಬಿಟ್ಟುಕೊಡದಂತೆ 1974ರ ಫರ್ಪಾ ಕಾನೂನು ಶಾಲೆಯನ್ನು ಕಟ್ಟಿಹಾಕಿದೆ, ನಾನು ಹೊರಗಿನವಳೇ.

ಕಾರಿನಲ್ಲಿ, ಮೋಟೆಲಿನಲ್ಲಿ, ಇಕ್ಕಟ್ಟಿನಲ್ಲಿ ನೆಂಟರ ಮನೆಯಲ್ಲಿ ಮಲಗುವ ಮಕ್ಕಳನ್ನು ಮನೆಯಿಲ್ಲದವರೆಂದು ಗುರುತಿಸಿ, ಎಲ್ಲಿ ಅಲೆದರೂ ಮೊದಲಿನ ಶಾಲೆಯಲ್ಲೇ ಮುಂದುವರಿಯುವ ಹಕ್ಕನ್ನೂ ಹೋಗಿಬರಲು ಸಾರಿಗೆಯನ್ನೂ ಕೊಡುವ ಮೆಕಿನ್ನಿ-ವೆಂಟೋ ಕಾನೂನು 1987ರಿಂದ ಇದೆ. ಅದನ್ನು ನೋಡಿಕೊಳ್ಳಲು ಪ್ರತಿ ಶಾಲಾ ಜಿಲ್ಲೆಯಲ್ಲೂ ಒಬ್ಬ ಅಧಿಕಾರಿ ಇರುತ್ತಾರೆ. ಅಂದರೆ ನಾನು ಹೇಳಿದ ಮಾತಿನಿಂದ ಆ ಮನೆಯವರಿಗೆ ಒಳ್ಳೆಯದೇ ಆಗಿ, ಬೇರೆ ಊರಿನಲ್ಲಿ ಸೂರು ಸಿಕ್ಕಿ ಹೋಗಿರಬಹುದು. ಅಥವಾ ಸರ್ಕಾರ ಮಕ್ಕಳನ್ನು ಕಿತ್ತುಕೊಳ್ಳುತ್ತದೆಂದು ಹೆದರಿ ತಾಯಿ ರಾತ್ರೋರಾತ್ರಿ ಕಾರು ಹೊರಡಿಸಿರಲೂಬಹುದು. ಹೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ, ನಾಳೆ ಇನ್ನೊಂದು ಮಗು ಹಾಗೆಂದರೂ ಹೇಳುತ್ತೇನೆ. ಆದರೂ ಆ ಹುಡುಗ ಏನಾದನೆಂಬುದು ತಿಳಿಯದ ಸಂಕಟ ಹೋಗಿಲ್ಲ. ನಮ್ಮೂರಿನಲ್ಲಾದರೆ ಯಾರ ಮೂಲಕವಾದರೂ ಸುದ್ದಿ ಬಂದೇ ಬರುತ್ತಿತ್ತು, ಮರುವರ್ಷ ಶಿಬಿರಕ್ಕೆ ಹೋದಾಗ ಆ ಹುಡುಗನೇ ಸಿಗುತ್ತಿದ್ದ. ಇಲ್ಲಿ ನಿಮಗೆ ಸಿಗುವುದು ಆ ಅರ್ಧ ಗಂಟೆ ಮಾತ್ರ; ಅದರ ಹಿಂದುಮುಂದನ್ನು ಕೇಳುವ ಹಕ್ಕು ನಿಮಗಿಲ್ಲ. ಇಷ್ಟನ್ನು ಸಹಿಸಬಲ್ಲೆನೇ ಎಂದು ಯೋಚಿಸಿ ಶಾಲೆಗೆ ಹೋಗಿ, ಮತ್ತು ಯಾವ ಮಗುವಿಗೂ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ.

ಇದೇ ಕಾರಣಕ್ಕೆ ನಿಮ್ಮ ಕ್ಯಾಲೆಂಡರಿನ ಬಗ್ಗೆಯೂ ನಿಷ್ಠುರವಾಗಿ ಹೇಳುತ್ತೇನೆ. ಮಿಡ್‌ಟರ್ಮ್ ಬಂದ ಕೂಡಲೇ ನಮ್ಮ ವಿದ್ಯಾರ್ಥಿಗಳು ಕಾಣೆಯಾಗುತ್ತಾರೆ. ವಿಶ್ವವಿದ್ಯಾಲಯದ ಸೆಮಿಸ್ಟರು ಮೇ ಆರಂಭದಲ್ಲೇ ಮುಗಿಯುತ್ತದೆ, ಶಾಲೆ ಮೇ ಕೊನೆಯವರೆಗೂ ನಡೆಯುತ್ತದೆ. ಆ ಕೊನೆಯ ವಾರಗಳಲ್ಲಿ ಪುಸ್ತಕ ಹಿಡಿದು ಬಾಗಿಲ ಕಡೆ ನೋಡುವ ಮಕ್ಕಳನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಮನೆಯಿಂದ ಮನೆಗೆ ಅಲೆಯುವ ಮಗುವಿನ ಬಾಳಿನಲ್ಲಿ ಹೇಳದೆ ಹೋದವರ ಸಾಲಿಗೆ ನೀವೊಬ್ಬರು ಸೇರುವುದು ಬೇಡ. ವಾರಕ್ಕೆ ಎರಡು ದಿನ ಬರುವೆನೆಂದು ಹೇಳಿ ತಪ್ಪುವುದಕ್ಕಿಂತ ಒಂದೇ ದಿನ ಹೇಳಿ, ಕೊನೆಯ ದಿನ ಯಾವುದೆಂಬುದನ್ನು ಮಗುವಿಗೂ ಶಿಕ್ಷಕಿಗೂ ಮುಂಚೆಯೇ ತಿಳಿಸಿ. ಅಷ್ಟು ನಿಯಮದಿಂದ ಬರಲಾಗದು ಎನ್ನುವುದಾದರೆ ಶಾಲೆಯ ಬದಲು ಆಹಾರ ಹಂಚುವ ಸಂಸ್ಥೆಗೆ ಹೋಗಿ. ಅಲ್ಲಿ ಒಂದು ದಿನ ನೀವು ತಪ್ಪಿಸಿಕೊಂಡರೆ ಇನ್ನೊಬ್ಬರು ತುಂಬುತ್ತಾರೆ. ಗ್ರೋವ್ ಸಿಟಿಯಲ್ಲಿರುವ ಮಿಡ್-ಓಹಾಯೋ ಫುಡ್ ಕಲೆಕ್ಟಿವ್ ದೊಡ್ಡ ಉಗ್ರಾಣ. ಬಡಾವಣೆಗಳಲ್ಲಿ ಜನರಿಗೆ ಆಹಾರ ಹಂಚುವ ಸಣ್ಣ ಪ್ಯಾಂಟ್ರಿಗಳಿಗೆ ಇಂಥ ಉಗ್ರಾಣದಿಂದ ಸಾಮಾನು ಬರುತ್ತದೆ. ಡಬ್ಬಿಗಳನ್ನು ವಿಂಗಡಿಸುವುದು ಸುಲಭವೆಂದುಕೊಳ್ಳಬೇಡಿ: ಮುಚ್ಚಳ ಉಬ್ಬಿದ್ದರೆ, ಅಂಚಿನ ಬೆಸುಗೆಯ ಮೇಲೆ ನೆಗ್ಗಿದ್ದರೆ ಎಸೆಯಬೇಕು, ಮೇಲೆ ಅಚ್ಚಾದ ತಾರೀಖು ಹೆಚ್ಚಿನ ಪದಾರ್ಥಗಳಲ್ಲಿ ರುಚಿಯ ಸೂಚನೆ ಮಾತ್ರ, ಶಿಶುಗಳ ಹಾಲಿನ ಪುಡಿಯಲ್ಲಿ ಮಾತ್ರ ಕಾನೂನಿನ ಗಡುವು. ಸಾಲಿನಲ್ಲಿ ನಿಮ್ಮ ತರಗತಿಯ ಗೆಳೆಯನೇ ನಿಂತಿರಬಹುದು. ಆಗ ಪರಿಚಯ ತೋರಿಸಬೇಕೋ ಬೇಡವೋ ಎಂಬುದನ್ನು ಅವನ ಮುಖ ನೋಡಿ ತಿಳಿಯುವ ಸೂಕ್ಷ್ಮ ನಮ್ಮವರಿಗೆ ಇದ್ದೇ ಇದೆ.

ಇನ್ನು ಮಾಡಬೇಕಾದ ಕೆಲಸ. ಯಾವ ಶಾಲೆ, ಏನು ಕೆಲಸ, ವಾರಕ್ಕೆ ಎಷ್ಟು ಹೊತ್ತು, ಸಂಬಳವಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಇ-ಮೇಲ್ ಕಳಿಸಿ, ಬಾಯಿಮಾತಿನ ಒಪ್ಪಿಗೆಗೆ ತೃಪ್ತರಾಗದೆ ಉತ್ತರವನ್ನೂ ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ನಂತರ ಶಾಲೆಯ ಅರ್ಜಿ ತುಂಬಿ. ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ನಿಮ್ಮ ಹಿನ್ನೆಲೆಯ ತಪಾಸಣೆ ಮುಗಿಯಲು, ಕೆಲವೆಡೆ ಬೆರಳಚ್ಚು ಕೊಡಲು ಸಮಯ ಹಿಡಿಯುವುದರಿಂದ ಸೆಪ್ಟೆಂಬರಿನಲ್ಲೇ ಶುರುಮಾಡಿ. ನಿಮಗಿನ್ನೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಂದಿರಲಿಕ್ಕಿಲ್ಲ. ಆ ಜಾಗದಲ್ಲಿ ತೋಚಿದ ಸಂಖ್ಯೆ ಬರೆಯದೆ ಖಾಲಿ ಬಿಟ್ಟು, ಪಾಸ್‌ಪೋರ್ಟ್ ಮತ್ತು ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ ತೆಗೆದುಕೊಂಡು ಹೋಗಿ ಕಚೇರಿಯವರನ್ನೇ ಕೇಳಿ. ಶಾಲೆ ಯಾವುದೆಂದು ಗೊತ್ತಾದ ಮೇಲೆ ನನಗೊಂದು ಸಾಲು ಬರೆಯಿರಿ, ಅಲ್ಲಿಗೆ ಯಾವ ಬಸ್ಸು ಹಿಡಿಯಬೇಕೆಂದು ತಿಳಿಸುತ್ತೇನೆ.